ಬಲಕ್ಕೋ, ಎಡಕ್ಕೋ?

ನನ್ನ ನಿಕಾನ್ ಕ್ಯಾಮೆರಾಗೆ 14 ವರ್ಷ. ಬಟನ್‌ಗಳ ಮೇಲಿನ ಅಕ್ಷರ ನನ್ನ ಹೆಬ್ಬೆರಳು ಉಜ್ಜಿ ಉಜ್ಜಿ ಮಾಸಿಹೋಗಿವೆ. ಕತ್ತಲಲ್ಲಿ ಕೊಟ್ಟರೂ ಯಾವುದು ಎಲ್ಲಿದೆ ಅಂತ ಬೆರಳಿಗೆ ಗೊತ್ತು. ನನಗಲ್ಲ, ಬೆರಳಿಗೆ. ಇವೆರಡೂ ಬೇರೆ ಬೇರೆ ಅಂತ ತಿಳಿದದ್ದು ಮೊನ್ನೆ ರಂಗನತಿಟ್ಟಿನಲ್ಲಿ.

ಅಕ್ಕನ ಮಗ ಜೊತೆಗಿದ್ದ. ಅವನದು ಕ್ಯಾನನ್. "ಮಾವ, ನನ್ನ ಲೆನ್ಸು 400 ಎಂಎಂ ತನಕ ಹೋಗುತ್ತೆ, ದೂರದ ಹಕ್ಕೀನೂ ಹತ್ತಿರ ಕಾಣುತ್ತೆ. ಇವತ್ತು ನೀವು ಹಿಡ್ಕೊಳ್ಳಿ" ಅಂದ. ಕ್ಯಾಮೆರಾ ಅಂದ್ರೆ ಕ್ಯಾಮೆರಾ ಅಲ್ವಾ? ದೋಣಿ ಹತ್ತುವ ಮುಂಚೆ ಅದಲು ಬದಲು ಮಾಡಿಕೊಂಡೆವು.

ಎದುರಿಗೇ ಬಣ್ಣದ ಕೊಕ್ಕರೆಯೊಂದು ರೆಕ್ಕೆ ಬಿಚ್ಚಿತು. ನನ್ನ ತೋರುಬೆರಳು ಶಟರ್ ಬಟನ್ ಸುತ್ತಲಿನ ಆನ್ ಸ್ವಿಚ್ ತಿರುಗಿಸಲು ಹೋಯಿತು. ನಿಕಾನಿನಲ್ಲಿ ಅದು ಅಲ್ಲೇ ಇರುತ್ತೆ. ಇವನದರಲ್ಲಿ ಎಡಗಡೆ, ಮೋಡ್ ಡಯಲ್ ಬುಡದಲ್ಲಿ. ಹುಡುಕಿ ಆನ್ ಮಾಡುವ ಹೊತ್ತಿಗೆ ಕೊಕ್ಕರೆ ರೆಕ್ಕೆ ಮಡಚಿ ನಿದ್ದೆಗೆ ಕೂತಿತ್ತು.

ಹೋಗಲಿ, ಬಂಡೆ ಮೇಲೆ ಮೊಸಳೆ ಇತ್ತು. ಅದಕ್ಕೇನೂ ಅವಸರವಿಲ್ಲ. ಹತ್ತಿರ ತರೋಣ ಅಂತ ಜೂಮ್ ತಿರುಗಿಸಿದೆ. ಮೊಸಳೆ ದೂರ ಹೋಯಿತು. ಇನ್ನೂ ತಿರುಗಿಸಿದೆ. ಓತಿಕ್ಯಾತದಷ್ಟಾಯಿತು. ಈ ಎರಡು ಕಂಪನಿಗಳ ಜೂಮ್ ರಿಂಗ್ ಒಂದಕ್ಕೊಂದು ಉಲ್ಟಾ. ಲೆನ್ಸ್ ಹಾಕುವಾಗ ತಿರುಗಿಸುವ ದಿಕ್ಕೂ ಉಲ್ಟಾ.

ಅಪ್ಪನ ಹಳೇ ಬುಲೆಟ್ ನೆನಪಾಯಿತು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಬೈಕಿನಲ್ಲಿ ಪಳಗಿದ್ದ ನಾನು ಅದನ್ನು ಮೊದಲ ಸಲ ಹತ್ತಿದ ದಿನ ಅಗ್ರಹಾರ ಸರ್ಕಲ್ ಹತ್ತಿರ ಬ್ರೇಕ್ ಅಂದುಕೊಂಡು ಗೇರು ತುಳಿದೆ. ಸೌತೆಕಾಯಿ ಗಾಡಿಯೊಂದು ಅಡ್ಡ ಇತ್ತು. ಬುಲೆಟ್ ನಿಲ್ಲಿಸಿದ್ದು ನಾನಲ್ಲ, ಆ ಗಾಡಿ. ಎರಡು ಕೆಜಿ ಸೌತೆಕಾಯಿ ಕೊಂಡು ಮನೆಗೆ ಹೋದೆ.

ಅಷ್ಟರಲ್ಲಿ ಚಮಚದ ಕೊಕ್ಕಿನ ಬಿಳಿ ಹಕ್ಕಿ ಸಿಕ್ಕಿತು. ಬಿಸಿಲಿಗೆ ಬಿಳಿ ಜಾಸ್ತಿಯಾಗಿ ಸುಟ್ಟುಹೋಗಬಾರದು ಅಂತ ಎಕ್ಸ್‌ಪೋಶರ್ ಮೈನಸ್ ಮಾಡಲು, ಅಂದರೆ ಬೆಳಕು ತಗ್ಗಿಸಲು, ಡಯಲ್ ಬಲಕ್ಕೆ ತಿರುಗಿಸಿದೆ. ನನ್ನ ಹಳೇ ನಿಕಾನಿನಲ್ಲಿ ಮೈನಸ್ ಇರುವುದು ಬಲಕ್ಕೆ, ಪ್ಲಸ್ ಎಡಕ್ಕೆ. ಕ್ಯಾನನ್‌ನಲ್ಲಿ ಬಲಕ್ಕೆ ಪ್ಲಸ್. ತೆಗೆದ 12 ಫೋಟೋದಲ್ಲೂ ಹಕ್ಕಿ ಇಲ್ಲ, ಹಕ್ಕಿಯ ಆಕಾರದ ಸುಣ್ಣ ಇದೆ.

ಹುಡುಗನ ಪಾಡೂ ಅಷ್ಟೇ. ನನ್ನ ಕ್ಯಾಮೆರಾ ಹಿಡಿದು ಬೆವರುತ್ತಿದ್ದ. "ಮಾವ, ಬಲಕ್ಕೆ ತಿರುಗಿಸಿದ್ರೆ ಕತ್ತಲಾಗುತ್ತಲ್ಲ!"

"ಎಡಕ್ಕೆ ತಿರುಗಿಸೋ!"

"ನೀವು ಬಲಕ್ಕೆ ತಿರುಗಿಸ್ಬೇಡಿ ಮಾವ, ಎಡಕ್ಕೆ!"

"ನಂದು ಬಿಡು, ನೀನು ಎಡಕ್ಕೆ… ಅಯ್ಯೋ, ಜೂಮ್ ಅಲ್ಲ ಕಣೋ!"

ದೋಣಿಯವನು ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡ.

"ಇಬ್ರೂ ಮಾತಾಡ್ಕೊಂಡು ಒಂದ್ ಕಡೀಕೆ ಯೋಳಿ ಸಾ. ಆಗ್ಲಿಂದ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದೋಯ್ತು."