ಪೇಶಂಟ್ ಒಬ್ರು ಬೇಕಾಗ್ಯಾರ

"ಸರ, ಪೇಶಂಟ್ ಒಬ್ರು ಬೇಕಾಗ್ಯಾರ. ಗದ್ಲಾ ಮಾಡಲಾರದವರು ನೋಡ್ರಿ."

ಅಕ್ಟೋಬರ್ ಮೊದಲ ವಾರ ಫೋನ್ ಬಂತು. 10ನೇ ತಾರೀಕು ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ಜಗತ್ತೇ ಆಚರಿಸುತ್ತಿದೆ, ಕಲಬುರಗಿ ಯಾಕೆ ಹಿಂದೆ ಬೀಳಬೇಕು? ಸಭಾಂಗಣ, ಫ್ಲೆಕ್ಸ್, ಶಾಲು, ಶಿರಾ, ಉಪ್ಪಿಟ್ಟು ಎಲ್ಲಾ ತಯಾರಿತ್ತು. ಸಬಲೀಕರಣ ಮಾಡೋದಕ್ಕೆ ಆಳು ಮಾತ್ರ ಕಡಿಮೆ ಬಿದ್ದಿದ್ದ.

ನಾನೇ ನಾಲ್ಕು ವರ್ಷದಿಂದ ರಾತ್ರಿ ಗುಳಿಗೆ ನುಂಗುವವನು. ಆದರೆ ಅವರ ಪಟ್ಟಿಯಲ್ಲಿ ನಾನು ಗಣ್ಯ. ಒಬ್ಬನೇ ಮನುಷ್ಯ ಎರಡು ಕಾಲಂನಲ್ಲಿ ಬರೋ ಹಾಗಿಲ್ಲ, ಅಲ್ವಾ? ಸುಮ್ನಿದ್ದೆ. ಸೂಪರ್ ಮಾರ್ಕೆಟ್ ಹತ್ತಿರ ಬ್ಲೌಸ್ ಹೊಲಿಯುವ ಗೆಳೆಯನನ್ನು ಕೇಳಿದೆ. ನಮ್ಮಿಬ್ಬರ ಪರಿಚಯ ಆಗಿದ್ದೇ ಆಸ್ಪತ್ರೆಯ ಚೀಟಿ ಸಾಲಿನಲ್ಲಿ. ಎರಡು ನಿಮಿಷ ಮಾತಾಡಬೇಕಂತೆ ಎಂದೆ. ಅವನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಹನ್ನೊಂದು ಸಾಲು ಬರೆದುಕೊಂಡ. ಮೊದಲನೇ ಸಾಲು: "ನನಗ ಕಾಯಿಲೆ ಅದ, ಆದ್ರ ಅಳತಿ ತಪ್ಪಿಲ್ಲ."

ಹತ್ತೂವರೆಯ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಹನ್ನೆರಡೂಕಾಲಿಗೆ ಬಂದರು. ವೇದಿಕೆ ಮೇಲೆ 16 ಕುರ್ಚಿ. ಕೆಳಗೆ ನರ್ಸಿಂಗ್ ಕಾಲೇಜಿನ ಮಕ್ಕಳು. ಹಿಂದೆ ಫ್ಲೆಕ್ಸಿನಲ್ಲಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ ಮನುಷ್ಯ, ಅವನ ಬುರುಡೆಯಿಂದ ಗಡಿಯಾರದ ಹಲ್ಲುಚಕ್ರಗಳು ಉದುರುತ್ತಿವೆ. ಈ ಕಾಯಿಲೆಗೆ ಇದೊಂದೇ ಫೋಟೊ ಇರೋದು ಅನ್ನಿಸುತ್ತೆ.

"ಜಗತ್ತಿನಾಗ ನೂರು ಕೋಟಿಗೂ ಜಾಸ್ತಿ ಮಂದಿಗಿ ಮಾನಸಿಕ ತೊಂದ್ರಿ ಅದ" ಎಂದರು ಉದ್ಘಾಟಕರು. "ಪುಣ್ಯಕ್ಕ ನಮ್ಮ ವೇದಿಕಿ ಮ್ಯಾಲ ಅಂಥವರು ಯಾರೂ ಇಲ್ಲ!" ಜೋರು ಚಪ್ಪಾಳೆ. ನಾನೂ ತಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕ ಎಂಟು ಜನರಲ್ಲಿ ಒಬ್ಬರು ಅನ್ನುತ್ತದೆ. ಹಾಗಾದರೆ 16 ಕುರ್ಚಿಗೆ ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಯಾರಿರಬಹುದು ಅಂತ ಎಡಕ್ಕೂ ಬಲಕ್ಕೂ ನೋಡುತ್ತಾ ಮುಂದಿನ ಮೂರು ಭಾಷಣ ಕಳೆದೆ.

ನಾಲ್ಕನೆಯವರು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಗ್ಗೆ ಮಾತಾಡಿದರು. ಪಾಪ, ಚೆನ್ನಾಗಿ ಓದಿಕೊಂಡು ಬಂದಿದ್ದರು. ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಬಹುದು. ತನ್ನ ಪ್ರತಿನಿಧಿ ಯಾರು ಅಂತ ತಾನೇ ಹೆಸರಿಸಬಹುದು. ಯಾರನ್ನೂ ಸರಪಳಿಯಲ್ಲಿ ಕಟ್ಟೋ ಹಾಗಿಲ್ಲ. ಕೊನೆಯ ಸಾಲಿನಲ್ಲಿದ್ದ ಗೆಳೆಯ ಇದನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಒಬ್ಬರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ನಂಬರ್ ಹೇಳುವಾಗ ಮೈಕ್ ಕೀರ್ ಅಂತ ಕಿರುಚಿ ಕೊನೆಯ ಎರಡು ಅಂಕಿ ನುಂಗಿತು. ನಾನೇ ಹೇಳಿಬಿಡುತ್ತೇನೆ: 14416. 2022ರ ಅಕ್ಟೋಬರ್ 10ರಂದೇ ಶುರುವಾಗಿದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ.

ಗೆಳೆಯನ ಸರದಿ ಬಂದಾಗ ಉಪ್ಪಿಟ್ಟು ಆರುತ್ತಿತ್ತು. ನಿರೂಪಕರು ಗಡಿಯಾರ ನೋಡಿದರು. "ಟೈಮ್ ಆಗ್ಯದ್ರಿ. ನೀವು ಹೇಳೋದೆಲ್ಲಾ ಸಾಹೇಬ್ರೇ ಹೇಳ್ಯಾರಲ್ಲ?"

ಶಾಲು ಹೊದಿಸಿದರು. ಫೋಟೊಕ್ಕೆ ನಿಂತಾಗ ಅವನನ್ನು ಮೆತ್ತಗೆ ಹಿಂದಕ್ಕೆ ಸರಿಸಿದರು. "ಮಾರಿ ಕಾಣೋದು ಬ್ಯಾಡ, ನಿಮ್ಮ ಛಲೋದಕ್ಕೇ." ಮರುದಿನ ಪೇಪರಿನಲ್ಲಿ ಹದಿನಾರೂ ಹೆಸರು ಬಂದವು. ಅವನು 'ಮತ್ತಿತರರು' ಒಳಗೆ ಸೇರಿದ್ದ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಶಾಲಿನ ಅಂಚು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ, ಮೊದಲಿನ ಹೊಲಿಗೆ ಸರಿ ಇರಲಿಲ್ಲವಂತೆ. ಮೇಲೆ ಬಿಸಿಲಿಗೆ ಅದೇ ಫ್ಲೆಕ್ಸ್ ಕಟ್ಟಿದ್ದಾನೆ, ಸಭಾಂಗಣದ ಹಿಂದೆ ಬಿದ್ದಿತ್ತಂತೆ. ಆದರೆ ಚಿತ್ರ ಮೇಲ್ಮುಖ ಮಾಡಿ, ಬಿಳೀ ಬದಿ ಕೆಳಗೆ.

ಯಾಕೆ ಎಂದೆ.

"ಆ ತಲಿ ಹಿಡ್ಕೊಂಡವನ್ನ ನೋಡಿದ್ರ ಗಿರಾಕಿ ಹೆದರ್ತಾರ್ರಿ" ಎಂದ.