ಅಪ್ಪನ ಕಂಪ್ಯೂಟರ್ ಕೆಟ್ಟಿಲ್ಲ

ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ಭಾನುವಾರ ಅಪ್ಪನ ಜೊತೆ ರಿಪೇರಿ ಅಂಗಡಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗ ಲ್ಯಾಪ್‌ಟಾಪ್ ತೆರೆದ, ನೋಡಿದ, ಮುಚ್ಚಿದ. "ಅಂಕಲ್, ಇದು ತುಂಬಾ ಹಳೇದು. ಗುಜರಿಗೆ ಹಾಕಿ, ಹೊಸದು ತಗೊಳ್ಳಿ" ಅಂದ. ಒಂದು ನಿಮಿಷವೂ ಹಿಡಿಯಲಿಲ್ಲ. ಅಪ್ಪ ಅದನ್ನು ವಾಪಸ್ ಬ್ಯಾಗಿಗೆ ಹಾಕಿಕೊಂಡರು. ಮನೆ ಸೇರುವವರೆಗೂ ಮಾತಿಲ್ಲ.

ನಿಮಗೆಲ್ಲ ಗೊತ್ತಲ್ಲ, ಅಪ್ಪ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ವರ್ಷ, 2011ರಲ್ಲಿ ಕೊಂಡ ಲ್ಯಾಪ್‌ಟಾಪ್ ಅದು. ವಿಂಡೋಸ್ 7, 2 ಜಿಬಿ ರ್‍ಯಾಮ್. ಸ್ಕ್ರೀನ್ ಚೆನ್ನಾಗಿದೆ, ಕೀಲಿಗಳೆಲ್ಲ ಕೆಲಸ ಮಾಡುತ್ತವೆ. ಎಫ್ ಕೀಲಿಯ ಮೇಲಿನ ಅಕ್ಷರ ಮಾತ್ರ ಪೂರ್ತಿ ಅಳಿಸಿಹೋಗಿದೆ. ಕನ್ನಡ ಬರೆಯುವ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಆ ಕೀಲಿಮಣೆಯಲ್ಲಿ ಒತ್ತಕ್ಷರ ಬರಬೇಕಾದರೆ ಎಫ್ ಒತ್ತಬೇಕು. ಹದಿನಾಲ್ಕು ವರ್ಷ ಊರಿನ ನೆನಪುಗಳನ್ನು ಬರೆದು ಬರೆದು ಸವೆದ ಕೀಲಿ ಅದು. ಅದನ್ನು ಗುಜರಿಗೆ ಹಾಕಬೇಕಂತೆ!

ಕೆಟ್ಟಿರುವುದು ಏನು ಹೇಳಿ? ಯಂತ್ರದಲ್ಲಿ ಏನೂ ಕೆಟ್ಟಿಲ್ಲ. ಅದರ ಮೇಲೆ ಓಡುವ ಸಾಫ್ಟ್‌ವೇರನ್ನು ಒಂದೊಂದಾಗಿ ನಿಲ್ಲಿಸಿದ್ದಾರೆ, ಅಷ್ಟೇ. 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಅಪ್‌ಡೇಟ್ ನಿಂತಿತು. 2023ರಲ್ಲಿ ಕ್ರೋಮ್ ಕೂಡ ಕೈಬಿಟ್ಟಿತು, 109ರ ಮೇಲೆ ಅದಕ್ಕೆ ಹೊಸ ಆವೃತ್ತಿ ಇಲ್ಲ. ಈಗ ಯಾವ ಪುಟ ತೆರೆದರೂ "ಬ್ರೌಸರ್ ಹಳೆಯದು" ಎನ್ನುತ್ತದೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಅಂತ ಪೆನ್‌ಡ್ರೈವ್ ತಯಾರು ಮಾಡಲು ಕೂತರೆ, ಅದಕ್ಕೆ ಬೇಕಾದ ರೂಫಸ್ ಎಂಬ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯೂ ವಿಂಡೋಸ್ 7ರಲ್ಲಿ ಓಡುವುದಿಲ್ಲ. ಹುಡುಕಿ ಹಳೆಯ 3.22 ತರಬೇಕು. ಆ ಹುಡುಕಾಟವಂತೂ ಬೇಡ. ಪುಟದ ತುಂಬ ದೊಡ್ಡ ದೊಡ್ಡ ಹಸಿರು ಡೌನ್‌ಲೋಡ್ ಬಟನ್‌ಗಳು, ಅರ್ಧಕ್ಕರ್ಧ ಮೋಸದವು. ಎಪ್ಪತ್ತು ದಾಟಿದವರು ಅದರಲ್ಲಿ ಸರಿಯಾದದ್ದನ್ನು ಹೇಗೆ ಗುರುತಿಸಬೇಕು?

ಇದು ಹದಿನಾಲ್ಕು ವರ್ಷದ ಲ್ಯಾಪ್‌ಟಾಪ್ ಮಾತಾಯ್ತು. ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಇರಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಮೇಲಿನದೇ ಆಗಬೇಕು. ಅಂದರೆ 2016ರಲ್ಲಿ ದುಬಾರಿ ದುಡ್ಡು ಕೊಟ್ಟು ತಂದಿದ್ದೂ ಹಳೇದೇ.

ಸೆಕ್ಯುರಿಟಿ ಮುಖ್ಯ ಅಲ್ವಾ, ಎಷ್ಟು ವರ್ಷ ಅಂತ ಹಳೇದಕ್ಕೆ ಅಪ್‌ಡೇಟ್ ಕೊಡೋದು ಅಂತ ಕೇಳುತ್ತೀರಿ. ಮುಖ್ಯವೇ. ವಿಂಡೋಸ್ 7ರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ ಅಂತ ನಾನೇ ಅಪ್ಪನಿಗೆ ಹೇಳಿದ್ದೆ. ಆದರೆ ಅದೇ ಲ್ಯಾಪ್‌ಟಾಪ್‌ಗೆ ಸೋಮವಾರ ರಾತ್ರಿ ಎಂಎಕ್ಸ್ ಲಿನಕ್ಸ್ ಹಾಕಿದೆ. ಇವತ್ತಿನ ಅಪ್‌ಡೇಟ್ ಇವತ್ತೇ ಬಂತು! ಒಂದು ಪೈಸೆ ಖರ್ಚಿಲ್ಲ. ಯಂತ್ರದಿಂದ ಆಗುವುದಿಲ್ಲ ಎಂಬ ಮಾತಿಗೆ ಇನ್ನು ಅರ್ಥವಿಲ್ಲ. ಬ್ರೌಸರ್‌ನಲ್ಲಿ ಮೂರು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ, ನಿಜ. ಅಪ್ಪನಿಗೆ ಬೇಕಾದದ್ದು ಬರೆಯುವುದು, ಪೆನ್ಶನ್ ಚೀಟಿ ಪ್ರಿಂಟ್ ತೆಗೆಯುವುದು, ರಾತ್ರಿ ಒಂದು ತಾಳಮದ್ದಳೆ ಕೇಳುವುದು. ಅಷ್ಟಕ್ಕೆ ಧಾರಾಳವಾಗಿ ಸಾಕು.

ಕನ್ನಡದ ಕೆಲಸವೇ ಜಾಸ್ತಿ ಹಿಡಿಯಿತು. ನುಡಿಯ ಹಳೆಯ ಫೈಲ್ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆಗೆ ಕೊಂಬು, ಬುಡಕ್ಕೆ ಬಾಲ. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದರು, ಫಾಂಟ್ ಇಲ್ಲದಿದ್ದರೆ ಬರಹವೂ ಇಲ್ಲ. ವಿಂಡೋಸ್ ಅಳಿಸುವ ಮೊದಲೇ ನುಡಿ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ, ಬಚಾವಾದೆ. ಟೈಪಿಂಗ್‌ಗೆ ಲಿನಕ್ಸ್‌ನಲ್ಲಿ ಬೇರೆ ಭಾಷೆ ಬರೆಯಲು ಬಳಸುವ ಐಬಸ್ ಮತ್ತು ಎಂ17ಎನ್ ಹಾಕಿದರೆ ಅದರಲ್ಲಿ ಕೆಜಿಪಿ ವಿನ್ಯಾಸ, ಅಂದರೆ ನುಡಿಯ ಅದೇ ಕೀಲಿಮಣೆ ಸಿಗುತ್ತದೆ. ಅಪ್ಪನ ಬೆರಳಿಗೆ ಗೊತ್ತಿರುವುದು ಅದೊಂದೇ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಆರು ವರ್ಷದ ಹಿಂದೆ ನಮ್ಮ ಹಳೆಯ ಡೆಸ್ಕ್‌ಟಾಪನ್ನು ನಾನೇ ಗುಜರಿಗೆ ಕೊಟ್ಟೆ. ಅಂಗಡಿಯವರು ಹೇಳಿದರು, ಕೊಟ್ಟುಬಿಟ್ಟೆ. ಅಮ್ಮ ‘ಬರಹ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟಿದ್ದ ಹಾಡುಗಳು ಅದರಲ್ಲಿದ್ದವು. ಅಮ್ಮ ಈಗಿಲ್ಲ. ಹಾಡುಗಳೂ ಇಲ್ಲ. ಭಾನುವಾರ ಆ ಹುಡುಗ ಗುಜರಿ ಅಂದಾಗ ನನಗೆ ಅಷ್ಟು ಉರಿದದ್ದು ಅದಕ್ಕೇ.

ನಿಮ್ಮನೆ ಅಟ್ಟದ ಮೇಲೆ ಅಂಥದ್ದೊಂದು ಇದ್ದರೆ ದಯವಿಟ್ಟು ಕೊಡಬೇಡಿ. ಮೊದಲು ನನಗೊಂದು ಮೆಸೇಜ್ ಹಾಕಿ. ಭಾನುವಾರ ಬಿಡುವಿರುತ್ತೇನೆ.

ಸದ್ಯ ಅಪ್ಪನ 41 ಫೈಲ್‌ಗಳಲ್ಲಿ 15 ಯುನಿಕೋಡ್‌ಗೆ, ಅಂದರೆ ನುಡಿ ಫಾಂಟ್ ಇಲ್ಲದೆಯೂ ಓದಬಹುದಾದ ಕನ್ನಡಕ್ಕೆ, ಬಂದಿವೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದೊಂದು ಸಾಲನ್ನೂ ಓದುತ್ತಿದ್ದಾರೆ. ಈಗಷ್ಟೇ ಕರೆದರು, "ಇಲ್ಲಿ ಬಾ ಮಾರಾಯ, ಈ ಅರ್ಕಾವತ್ತು ಸರಿಯಾಗಿ ಕೂತಿಲ್ಲ" ಅಂತ.