ಹುಳ ಏನೂ ಕಲೀಲಿಲ್ಲ ಕಣ್ರೀ

ಮೊನ್ನೆ ಊರಿಗೆ ಹೋದಾಗ ನಮ್ಮ ಮಾವ ಹೊಲದಿಂದ ಒಂದು ಹತ್ತಿ ಕಾಯಿ ಕಿತ್ಕೊಂಡು ಬಂದು ಕಟ್ಟೆ ಮೇಲೆ ಕೂತು ಕುಡುಗೋಲಲ್ಲಿ ಸೀಳಿದ್ರು. ಹೊರಗೆ ನೋಡಿದ್ರೆ ಹಸಿರಾಗಿ ಗುಂಡಗೆ ಚೆನ್ನಾಗೇ ಇತ್ತು, ಒಳಗೆ ಅರಳೆ ಕಂದು ಬಣ್ಣಕ್ಕೆ ತಿರುಗಿ ಬೀಜದ ಪಕ್ಕ ಉಗುರುದ್ದದ ಗುಲಾಬಿ ಹುಳ ಒಂದು ಮಿಸುಕ್ತಾ ಇತ್ತು. "ನೋಡು ಎಷ್ಟು ಶಾಣ್ಯಾ ಆಗ್ಯಾವ, ಬಿಟಿ ತಿಂದು ತಿಂದು ರೂಢಿ ಮಾಡ್ಕೊಂಡಾವ" ಅಂದ್ರು.

ಮಾವ ಬಿಡಿ, ಬಿಎಸ್ಸಿ ಓದಿದ ನನ್ನ ಫ್ರೆಂಡ್ಸೂ ಇದನ್ನೇ ಹೇಳೋದು. ಆದ್ರೆ ಯಾವ ಹುಳಾನೂ ರೂಢಿ ಮಾಡ್ಕೊಳ್ಳಲಿಲ್ಲ. ಬಿಟಿ ಹತ್ತಿ ಅಂದ್ರೆ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ, ಹುಳ ಕೊಲ್ಲೋ ಪ್ರೋಟೀನನ್ನ ಗಿಡಾನೇ ಮಾಡ್ಕೊಳುತ್ತೆ. ಅದನ್ನ ತಿಂದ ಹುಳದ ಕರುಳಲ್ಲಿ ಆ ಪ್ರೋಟೀನ್ ಹೋಗಿ ಒಂದು ಜಾಗದಲ್ಲಿ ಅಂಟ್ಕೊಂಡು ತೂತು ಮಾಡುತ್ತೆ, ಹುಳ ಸಾಯುತ್ತೆ, ಅಷ್ಟೇ, ಕಲಿಯೋಕೆ ಟೈಮೇ ಇಲ್ಲ. ಆದ್ರೆ ಲಕ್ಷಗಟ್ಟಲೆ ಹುಳದಲ್ಲಿ ಯಾವುದೋ ಒಂದಕ್ಕೆ ಹುಟ್ತಾನೇ ಆ ಅಂಟ್ಕೊಳ್ಳೋ ಜಾಗ ಸ್ವಲ್ಪ ಸೊಟ್ಟ ಇರುತ್ತೆ, ಬಿಟಿ ನೋಡಿ ಹಂಗಾಗಿದ್ದಲ್ಲ, ಜೀನ್ ಕಾಪಿ ಆಗುವಾಗ ಆಗೋ ತಪ್ಪು ಅದು. ಬಿಟಿ ಇಲ್ದಿದ್ರೆ ಅದ್ರಿಂದ ಮೂರು ಕಾಸಿನ ಲಾಭ ಇಲ್ಲ. ಬಿಟಿ ಬಂತು ಅಂದ್ರೆ ಸುತ್ತಲಿನವೆಲ್ಲ ಸತ್ತು ಇದೊಂದೇ ಉಳ್ಕೊಳುತ್ತೆ, ಇದ್ರ ಮಕ್ಕಳೇ ಮುಂದಿನ ತಲೆಮಾರು. ವಿಕಾಸ ಹಿಂಗೇ ಆಗುತ್ತೆ ಅಂತ ಡಾರ್ವಿನ್ 1859ರಲ್ಲಿ ಹೇಳಿದ್ದು ಇದನ್ನೇ. ಬಲ, ಜಾಣತನ ಯಾವ್ದೂ ಲೆಕ್ಕಕ್ಕಿಲ್ಲ, ಆ ಹೊತ್ತಿಗೆ ಆ ಜಾಗದಲ್ಲಿ ಯಾರು ಬದುಕಿ ಮರಿ ಮಾಡಿದ್ರು ಅನ್ನೋದಷ್ಟೇ.

"ವಿಕಾಸ ಯಾರು ಕಣ್ಣಾರೆ ನೋಡಿದಾರೆ" ಅಂತ ಕೇಳೋರು ಇದಾರಲ್ಲ, 2018ರಲ್ಲಿ ಕೇಂದ್ರದ ಮಂತ್ರಿಯೊಬ್ರೂ ಹಿಂಗೇ ಅಂದಿದ್ರು, ಅವ್ರನ್ನ ಒಂದ್ಸಲ ಹತ್ತಿ ಹೊಲಕ್ಕೆ ಕರ್ಕೊಂಡು ಹೋಗ್ಬೇಕು. ಭಾರತಕ್ಕೆ ಬಿಟಿ ಹತ್ತಿ ಬಂದಿದ್ದು 2002ರಲ್ಲಿ. 2010ಕ್ಕೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ, ಅಂದ್ರೆ ಮಾವ ತೋರಿಸಿದ ಇದೇ ಹುಳ, ಬಿಟಿಗೆ ಬಗ್ತಾ ಇಲ್ಲ ಅಂತ ಬೀಜದ ಕಂಪನಿನೇ ಒಪ್ಕೊಂತು. ಅಷ್ಟೊತ್ತಿಗೆ ಎರಡು ಬಿಟಿ ಜೀನ್ ಇರೋ ಬೀಜ ಬಂದಾಗಿತ್ತು, ಇನ್ನೊಂದೈದಾರು ವರ್ಷದಲ್ಲಿ ಅದೂ ಕೈ ಕೊಡ್ತು. ಮೊಟ್ಟೆಯಿಂದ ಪತಂಗ ಆಗೋಕೆ ಹೆಚ್ಚುಕಮ್ಮಿ ಒಂದು ತಿಂಗಳು, ನಮಗೆ ಸಾವಿರ ವರ್ಷ ಹಿಡಿಯೋ ತಲೆಮಾರುಗಳು ಅದಕ್ಕೆ ಹತ್ತು ವರ್ಷದಲ್ಲಿ ಮುಗೀತವೆ.

ಹತ್ತಿಗೆ ಬೀಳೋ ಇನ್ನೊಂದು ಹುಳ, ಹಸಿರು ಕಾಯಿಕೊರಕ, ಯಾಕೆ ಇಷ್ಟು ಬೇಗ ಹಿಂಗಾಗಲಿಲ್ಲ? ಅದು ತೊಗರಿ, ಕಡಲೆ, ಟೊಮೇಟೊ ಎಲ್ಲಾ ತಿನ್ನುತ್ತೆ, ಬಿಟಿ ಮುಟ್ಟದೇ ಬೆಳೆದ ಹುಳ ಊರ ತುಂಬ ಇರ್ತವೆ. ಗುಲಾಬಿಗೆ ಹೆಚ್ಚುಕಮ್ಮಿ ಹತ್ತಿ ಒಂದೇ ಊಟ. ಅದಕ್ಕೇ 450 ಗ್ರಾಮಿನ ಬಿಟಿ ಪ್ಯಾಕೆಟ್ ಜೊತೆ 120 ಗ್ರಾಮ್ ಮಾಮೂಲಿ ಬೀಜ ಕೊಡ್ತಿದ್ರು, ಹೊಲದ ಸುತ್ತ ಹಾಕಿ ಅಂತ. ಅಲ್ಲಿ ಬೆಳೆದ ಸಾದಾ ಪತಂಗ ಬಿಟಿಗೂ ಸಾಯದ ಗಟ್ಟಿ ಪತಂಗದ ಜೊತೆ ಕೂಡಿದ್ರೆ ಹುಟ್ಟೋ ಮರಿಗೆ ಆ ಜೀನಿನ ಒಂದೇ ಕಾಪಿ ಸಿಗುತ್ತೆ, ಒಂದೇ ಕಾಪಿ ಸಾಕಾಗಲ್ಲ, ಆ ಮರಿ ಬಿಟಿ ತಿಂದ್ರೆ ಸಾಯುತ್ತೆ. ಅಮೆರಿಕದ ಅರಿಝೋನಾದಲ್ಲಿ ರೈತರು ಇದನ್ನ ಪಾಲಿಸಿದ್ರು, 2006ರಿಂದ ಬಂಜೆ ಮಾಡಿದ ಪತಂಗಾನೂ ಬಿಟ್ರು, 2018ರಲ್ಲಿ ಇದೇ ಹುಳ ನಮ್ಮ ಹತ್ತಿ ಹೊಲಗಳಲ್ಲಿಲ್ಲ ಅಂತ ಅಮೆರಿಕ ಸರ್ಕಾರನೇ ಘೋಷಣೆ ಮಾಡ್ತು.

ನಮ್ಮಲ್ಲಿ ಆ ಸಣ್ಣ ಪ್ಯಾಕೆಟ್ ಏನಾಯ್ತು ಅಂತ ಕೇಳ್ಬೇಡಿ. ರೈತರನ್ನ ಬೈಯೋಕೆ ನನಗೆ ಮನಸ್ಸಿಲ್ಲ, ಯಾಕೆ ಹಾಕ್ಬೇಕು ಅಂತ ಅಂಗಡಿಯೋನೂ ಹೇಳಲಿಲ್ಲ, ಮೂರೆಕರೆಯೋನು ಹುಳಕ್ಕೆ ಅಂತ ಜಾಗ ಬಿಡು ಅಂದ್ರೆ ಬಿಡ್ತಾನಾ? ಅದ್ರ ಮೇಲೆ 2023ರಲ್ಲಿ ಹತ್ತನೇ ಕ್ಲಾಸಿನ ಎನ್‌ಸಿಇಆರ್‌ಟಿ ಪುಸ್ತಕದಿಂದ ವಿಕಾಸದ ಪಾಠನೇ ಕಿತ್ತು ಹಾಕಿದ್ರು.

ಇದನ್ನೆಲ್ಲ ಮಾವಂಗೆ ಹೇಳ್ದೆ. ಸೀಳಿದ ಕಾಯಿ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನಿದ್ರು. "ಅಂದ್ರ ಹುಳ ಶಾಣ್ಯಾ ಆಗಿಲ್ಲ, ದಡ್ಡವೆಲ್ಲ ಸತ್ತಾವ?" ಅಂದ್ರು. ದಡ್ಡನೂ ಅಲ್ಲ ಮಾವ, ಅವುಕ್ಕೆ ಅದೃಷ್ಟ ಇರ್ಲಿಲ್ಲ ಅಷ್ಟೇ ಅಂದೆ. ಆಮೇಲೆ ಒಳಗಿರೋ ಅತ್ತೆನ ಕೂಗಿದ್ರು, "ಏ, ಆ ಸಣ್ಣ ಪಾಕೀಟು ಎಲ್ಲಿ ಇಟ್ಟಿದ್ದೆವು?" ಅತ್ತೆ ಒಳಗಿಂದಲೇ ಅಂದ್ರು, "ಅದನ್ನ ಆವಾಗ್ಲೇ ಎಮ್ಮಿಗೆ ಹಾಕೀನಿ."